ಹಳೆ ಡಿವಿಡಿ ಡ್ರೈವ್‌ನೊಳಗಿನ ಲೇಸರ್: ನೀವು ಕೇಳಿದ್ದು, ನಾವು ಹೇಳುವುದು

ಮೂಲೆ ಸೇರಿದ ಸಿಡಿ, ಡಿವಿಡಿ ಡ್ರೈವ್‌ಗಳಿಂದ ಲೇಸರ್ ಡಯೋಡ್ (ಕರೆಂಟ್ ಕೊಟ್ಟರೆ ಲೇಸರ್ ಬೆಳಕು ಸೂಸುವ ಪುಟ್ಟ ಭಾಗ) ತೆಗೆದು ಬಳಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮೊದಲನೆಯದು ಕಣ್ಣಿನ ಪ್ರಶ್ನೆ. ಬೇರೆ ಏನನ್ನು ಬಿಟ್ಟರೂ ಅದೊಂದನ್ನು ಓದಿದ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.

ಪ್ರಶ್ನೆ: ಡ್ರೈವ್ ಮೇಲೆ ‘ಕ್ಲಾಸ್ 1’ ಎಂದು ಬರೆದಿದೆ. ಕ್ಲಾಸ್ 1 ಎಂದರೆ ಅಪಾಯವಿಲ್ಲ ಎಂದಲ್ಲವೆ? ಕೆಲಸ ಮಾಡುವಾಗ ತಂಪು ಕನ್ನಡಕ ಹಾಕಿಕೊಂಡರೆ ಸಾಲದೆ?

ಉತ್ತರ: ಆ ಚೀಟಿ ಹೇಳುವುದು ಮುಚ್ಚಿದ ಡ್ರೈವ್‌ನ ಬಗ್ಗೆ, ಒಳಗಿನ ಡಯೋಡ್‌ನ ಬಗ್ಗೆ ಅಲ್ಲ. ಡಿವಿಡಿ ರೈಟರ್‌ನ ಕೆಂಪು ಡಯೋಡ್ ಹೊರಗೆ ಬಂದು ಪೂರ್ಣ ಬಲದಲ್ಲಿ ಉರಿದರೆ ಅದು ಕ್ಲಾಸ್ 3ಬಿ. ಅಂದರೆ 5 ಮಿಲಿವ್ಯಾಟ್‌ಗಿಂತ ಹೆಚ್ಚು, 500 ಮಿಲಿವ್ಯಾಟ್‌ವರೆಗೆ. ಲೆನ್ಸ್ ಹಾಕಿ ಸಮಾಂತರ ಮಾಡಿದ ಕಿರಣವನ್ನು ಕಣ್ಣಿನ ಮಸೂರ ಅಕ್ಷಿಪಟಲದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸುತ್ತದೆ. ರೆಪ್ಪೆ ಮುಚ್ಚಲು ಸುಮಾರು ಕಾಲು ಸೆಕೆಂಡ್ ಬೇಕು. ಆ ಕಾಲು ಸೆಕೆಂಡ್ 1 ಮಿಲಿವ್ಯಾಟ್ ಲೇಸರ್ ಮುಂದೆ ನಿಮ್ಮನ್ನು ಕಾಯುತ್ತದೆ, 100 ಮಿಲಿವ್ಯಾಟ್ ಮುಂದೆ ಕಾಯುವುದಿಲ್ಲ. ಸುಟ್ಟ ಅಕ್ಷಿಪಟಲ ಮತ್ತೆ ಬೆಳೆಯುವುದೂ ಇಲ್ಲ.

ತಂಪು ಕನ್ನಡಕ ಬೇಡವೇ ಬೇಡ. ಅದರ ನೆರಳಿಗೆ ಪಾಪೆ ಇನ್ನಷ್ಟು ಅರಳುತ್ತದೆ, ಲೇಸರ್ ಮಾತ್ರ ಧಾರಾಳವಾಗಿ ಒಳಗೆ ಬರುತ್ತದೆ. ಬೇಕಾದದ್ದು ನಿಮ್ಮ ಡಯೋಡ್‌ನ ತರಂಗಾಂತರವನ್ನೂ ಆಪ್ಟಿಕಲ್ ಡೆನ್ಸಿಟಿಯನ್ನೂ ಚೌಕಟ್ಟಿನ ಮೇಲೆಯೇ ಮುದ್ರಿಸಿರುವ ಲೇಸರ್ ಕನ್ನಡಕ. ಡೆನ್ಸಿಟಿ 4 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ, 100 ಮಿಲಿವ್ಯಾಟ್ ಇದ್ದದ್ದು 0.01 ಮಿಲಿವ್ಯಾಟ್ ಆಗುತ್ತದೆ. 650 ನ್ಯಾನೋಮೀಟರ್‌ನ ಕೆಂಪಿಗೆ ಕೊಂಡ ಕನ್ನಡಕ 405ರ ನೇರಳೆಯನ್ನೋ ಕಣ್ಣಿಗೆ ಹೆಚ್ಚುಕಡಿಮೆ ಕಾಣದ 780ರ ಅವಕೆಂಪನ್ನೋ ತಡೆಯುತ್ತದೆ ಎಂದು ಭಾವಿಸಬೇಡಿ. ಬಹಳ ಸಲ ತಡೆಯುವುದಿಲ್ಲ.

ಕೋಣೆಯ ದೀಪ ಚೆನ್ನಾಗಿ ಉರಿಯುತ್ತಿರಲಿ, ಪಾಪೆ ಚಿಕ್ಕದಾಗಿರುತ್ತದೆ. ಕಿರಣ ಹಾಯುವ ಮಟ್ಟ, ಕೂತರೂ ನಿಂತರೂ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಅದು ಹೋಗಿ ತಾಗುವ ಕಡೆ ಹೊಳಪಿಲ್ಲದ ಕಪ್ಪು ತಡೆ ಇರಲಿ. ಗಡಿಯಾರ, ಉಂಗುರ ಬಿಚ್ಚಿಡಿ. ನೇರ ಕಿರಣಕ್ಕಿಂತ ಹೊಳೆಯುವ ವಸ್ತುವಿಗೆ ತಾಗಿ ಎಲ್ಲೆಲ್ಲೋ ಹಾರುವ ಕಿರಣವನ್ನು ಊಹಿಸುವುದು ಕಷ್ಟ. ಮಕ್ಕಳು ಆ ಕೋಣೆಯಲ್ಲಿ ಇರಬಾರದು.

ಪ್ರಶ್ನೆ: ಸಿಡಿ ರೈಟರ್‌ನಿಂದ ತೆಗೆದ ಡಯೋಡ್‌ಗೆ ಕರೆಂಟ್ ಕೊಟ್ಟರೆ ಮಬ್ಬಾದ ಕೆಂಪು ಚುಕ್ಕೆ ಮಾತ್ರ ಕಾಣುತ್ತದೆ. ಕೆಟ್ಟಿದೆಯೆ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಕೂಡಲೆ ಆರಿಸಿ. ಸಿಡಿಯ ಲೇಸರ್ 780 ನ್ಯಾನೋಮೀಟರ್‌ನದು, ಬಹುಪಾಲು ಅವಕೆಂಪು. 650ಕ್ಕೆ ಹೋಲಿಸಿದರೆ ಆ ಬಣ್ಣಕ್ಕೆ ನಮ್ಮ ಕಣ್ಣಿನ ಸ್ಪಂದನೆ ಸಾವಿರಾರು ಪಟ್ಟು ಕಡಿಮೆ. ನಿಮಗೆ ಮಬ್ಬಾಗಿ ಕಂಡದ್ದು ನಿಜಕ್ಕೂ 100 ಮಿಲಿವ್ಯಾಟ್ ಇರಬಹುದು. ಹೊಳಪು ಕಾಣದ್ದರಿಂದ ರೆಪ್ಪೆಯೂ ಮುಚ್ಚಿಕೊಳ್ಳುವುದಿಲ್ಲ. ಹವ್ಯಾಸಕ್ಕೆ ಸಿಡಿ ರೈಟರ್‌ನ ಡಯೋಡ್ ಯೋಗ್ಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದರಿಂದ ಆಗುವ ಕೆಲಸವೆಲ್ಲ ಕೆಂಪು ಡಯೋಡ್‌ನಿಂದಲೂ ಆಗುತ್ತದೆ, ಕೆಂಪು ತಾನು ಎಲ್ಲಿದ್ದೇನೆಂದು ತೋರಿಸಿಕೊಳ್ಳುತ್ತದೆ.

ಪ್ರಶ್ನೆ: ಯಾವ ಡ್ರೈವ್‌ನಲ್ಲಿ ಯಾವ ಡಯೋಡ್ ಸಿಗುತ್ತದೆ?

ಉತ್ತರ: ಸಿಡಿಗೆ 780, ಡಿವಿಡಿಗೆ ಸುಮಾರು 650ರಿಂದ 660, ಬ್ಲೂ-ರೇಗೆ 405 ನ್ಯಾನೋಮೀಟರ್. ಓದುವುದಕ್ಕೆ ಮಾತ್ರ ಇರುವ ಡಿವಿಡಿ ಡ್ರೈವ್‌ನ ಡಯೋಡ್ 5 ಮಿಲಿವ್ಯಾಟ್ ಆಸುಪಾಸಿನದು. ಕಲಿಯಲು ಅದೇ ಒಳ್ಳೆಯದು, ಒಂದೆರಡು ಸುಟ್ಟರೂ ನಷ್ಟವಿಲ್ಲ. ರೈಟರ್‌ನ ಡಯೋಡ್ ಹೆಚ್ಚು ಬಲದ್ದು. ಬರೆಯುವ ವೇಗ ಹೆಚ್ಚಿದಷ್ಟೂ ಡಯೋಡ್ ಬಲ ಹೆಚ್ಚು. ಡಿವಿಡಿ ಡ್ರೈವ್ ಸಿಡಿಯನ್ನೂ ಓದಬೇಕಾದ್ದರಿಂದ ಒಳಗೆ ಎರಡು ಡಯೋಡ್ ಇರುತ್ತವೆ, ಇಲ್ಲವೆ ಒಂದೇ ಡಬ್ಬಿಯಲ್ಲಿ 650 ಮತ್ತು 780 ಎರಡೂ ಕೂತಿರುತ್ತವೆ.

ಮೇಜಿನ ಕಂಪ್ಯೂಟರ್‌ನ ದಪ್ಪ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ 5.6 ಮಿಲಿಮೀಟರ್ ಅಂಚಿನ ಲೋಹದ ಡಬ್ಬಿ ಸಿಗುತ್ತದೆ. ಇದನ್ನೇ ಹುಡುಕಿ. ಲ್ಯಾಪ್‌ಟಾಪ್‌ನ ತೆಳು ಡ್ರೈವ್‌ಗಳಲ್ಲಿ ಇನ್ನೂ ಸಣ್ಣ ಡಬ್ಬಿ, ಅಥವಾ ಗಾಜಿನ ಮುಚ್ಚಳವೇ ಇಲ್ಲದ ಚಪ್ಪಟೆ ಚೌಕಟ್ಟು ಇರುತ್ತದೆ. ಅದರ ಚಿಪ್ ಬಯಲಿಗೇ ಕೂತಿದೆ, ಬೆರಳು ತಾಗಿದರೆ ಮುಗಿಯಿತು.

ಪ್ರಶ್ನೆ: ಮೂರು ಡ್ರೈವ್ ಬಿಚ್ಚಿ ಮೂರು ಡಯೋಡ್ ತೆಗೆದೆ, ಒಂದೂ ಲೇಸರ್ ಆಗಿ ಉರಿಯಲಿಲ್ಲ. ತೆಗೆಯುವ ಸರಿಯಾದ ಕ್ರಮ ಹೇಳುವಿರಾ?

ಉತ್ತರ: ಬಹುಶಃ ತೆಗೆಯುವಾಗಲೇ ಮೂರೂ ಸತ್ತಿವೆ. ಲೇಸರ್ ಡಯೋಡ್‌ಗೆ ಹಿಮ್ಮುಖವಾಗಿ ಸಾಮಾನ್ಯವಾಗಿ 2 ವೋಲ್ಟ್‌ಗಿಂತ ಹೆಚ್ಚು ಬೀಳಬಾರದು. ನೈಲಾನ್ ಬಟ್ಟೆ ಉಟ್ಟು ಕುರ್ಚಿಯಿಂದ ಎದ್ದರೆ ಮೈಮೇಲೆ ಸಾವಿರಾರು ವೋಲ್ಟ್ ಸ್ಥಾಯೀ ವಿದ್ಯುತ್ತು ಕೂಡಿಕೊಳ್ಳುತ್ತದೆ. ಕಿಡಿ ಕಾಣದಿದ್ದರೂ, ಬೆರಳಿಗೆ ಗೊತ್ತಾಗದಿದ್ದರೂ ಡಯೋಡ್‌ಗೆ ಅಷ್ಟು ಸಾಕು.

ಹಾಗಾಗಿ ಮೊದಲ ಕೆಲಸ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ. ಅದಿಲ್ಲದಿದ್ದರೆ ಹತ್ತಿ ಬಟ್ಟೆ ಉಟ್ಟು, ಅರ್ತ್ ಆಗಿರುವ ಲೋಹವನ್ನು ಆಗಾಗ ಮುಟ್ಟುತ್ತ ಕೆಲಸ ಮಾಡಿ. ಡ್ರೈವ್‌ನ ಅಡಿಯ ನಾಲ್ಕು ಸ್ಕ್ರೂ ಬಿಚ್ಚಿ. ಮುಂಭಾಗದ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಚುಚ್ಚಿದರೆ ತಟ್ಟೆ ಹೊರಬರುತ್ತದೆ, ಆಮೇಲೆ ಮುಂದಿನ ಪ್ಲಾಸ್ಟಿಕ್ ಪಟ್ಟಿ ಕಳಚುತ್ತದೆ. ಒಳಗೆ ಎರಡು ಉಕ್ಕಿನ ಸರಳುಗಳ ಮೇಲೆ ಜಾರುವ ಲೋಹದ ತುಂಡೇ ಪಿಕಪ್. ಸರಳುಗಳ ತುದಿಯ ಸ್ಕ್ರೂ ಸಡಿಲಿಸಿ ಪಿಕಪ್ಪನ್ನು ಹೊರಗೆಳೆಯಿರಿ. ರಿಬ್ಬನ್ ಕೇಬಲ್ ಎಳೆದು ಕೀಳಬೇಡಿ, ಸಾಕೆಟ್‌ನ ಕೊಂಡಿ ಎತ್ತಿ ಬಿಡಿಸಿ.

ಪಿಕಪ್‌ನ ಅಂಚಿನಲ್ಲಿ ಗುಂಡಗಿನ ಡಬ್ಬಿಯ ಮೂರು ಕಾಲುಗಳು ತೆಳು ಫಿಲ್ಮ್ ಸರ್ಕ್ಯೂಟ್‌ಗೆ ಸೋಲ್ಡರ್ ಆಗಿರುತ್ತವೆ. ಹತ್ತಿರದಲ್ಲೇ ಹಲವಾರು ಕಾಲುಗಳಿರುವ ಚಪ್ಪಟೆ ಚಿಪ್ ಕಾಣುತ್ತದೆ. ಅದು ಬೆಳಕನ್ನು ಓದುವ ಸೆನ್ಸರ್, ಬಹಳ ಮಂದಿ ಅದನ್ನೇ ಲೇಸರ್ ಎಂದು ಕೀಳುತ್ತಾರೆ.

ಈಗ ಬಹುತೇಕರು ಬಿಟ್ಟುಬಿಡುವ ಹೆಜ್ಜೆ. ಸೋಲ್ಡರ್ ಮುಟ್ಟುವ ಮೊದಲೇ, ಬಹುತಂತಿಯ ವೈರ್‌ನಿಂದ ಒಂದು ಎಳೆ ತಾಮ್ರ ತೆಗೆದು ಡಯೋಡ್‌ನ ಮೂರೂ ಕಾಲುಗಳ ಸುತ್ತ ಬಿಗಿಯಾಗಿ ಸುತ್ತಿ. ಮೂರು ಕಾಲೂ ಒಂದಾಗಿರುವಾಗ ಎಲ್ಲಿಂದ ಚಾರ್ಜ್ ಬಂದರೂ ಡಯೋಡ್‌ನ ಎರಡು ತುದಿಗಳ ನಡುವೆ ವೋಲ್ಟೇಜ್ ಏಳುವುದಿಲ್ಲ. ಆಮೇಲೆ ಅರ್ತ್ ಇರುವ ಸೋಲ್ಡರಿಂಗ್ ಐರನ್‌ನಿಂದ, ಸುಮಾರು 350 ಡಿಗ್ರಿಯಲ್ಲಿ, ಒಂದೊಂದು ಕಾಲಿಗೆ 3 ಸೆಕೆಂಡ್ ಮೀರದಂತೆ ಸೋಲ್ಡರ್ ಕರಗಿಸಿ ತೆಗೆಯಿರಿ. ಒಂದು ಕಾಲಾದ ಮೇಲೆ ಡಬ್ಬಿ ತಣ್ಣಗಾಗುವವರೆಗೆ ಕಾಯಿರಿ. ಐರನ್‌ಗೆ ಅರ್ತ್ ಇಲ್ಲದಿದ್ದರೆ ಕಾಯಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ.

ಡಯೋಡ್ ಒಂದು ಪುಟ್ಟ ಲೋಹದ ಗೂಡಿನಲ್ಲಿ ಕೂತಿರುತ್ತದೆ, ಗೂಡನ್ನು ಪಿಕಪ್‌ಗೆ ಅಂಟಿನಿಂದ ಹಿಡಿಸಿರುತ್ತಾರೆ. ಅಂಟನ್ನು ಬ್ಲೇಡಿನಿಂದ ಕೊಯ್ದು ಗೂಡಿನ ಸಮೇತ ತೆಗೆಯಿರಿ. ಅಗತ್ಯವಿಲ್ಲದಿದ್ದರೆ ಗೂಡಿನಿಂದ ಬಿಡಿಸಲೇಬೇಡಿ, ಅದು ಶಾಖ ಹೀರಿಕೊಳ್ಳುತ್ತದೆ, ಹಿಡಿಯಲೂ ಅನುಕೂಲ. ಬಿಡಿಸಲೇಬೇಕಾದರೆ ಗೂಡಿನ ತೆಳು ಗೋಡೆಯನ್ನು ಕಟ್ಟರ್‌ನಿಂದ ನಿಧಾನಕ್ಕೆ ಅದುಮಿ ಸೀಳಿ. ಇಕ್ಕಳದಿಂದ ಹಿಡಿಯಬೇಕಾದ್ದು ಅಗಲದ ಅಂಚನ್ನು ಮಾತ್ರ, ಗಾಜಿನ ಕಿಟಕಿ ಇರುವ ಕೊರಳನ್ನಲ್ಲ. ಬಳಸುವ ತನಕ ತಾಮ್ರದ ಸುತ್ತು ಬಿಚ್ಚದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಿ.

ಪ್ರಶ್ನೆ: ಮೂರು ಕಾಲುಗಳಲ್ಲಿ ಯಾವುದು ಪಾಸಿಟಿವ್, ಯಾವುದು ನೆಗೆಟಿವ್?

ಉತ್ತರ: ಎಲ್ಲಕ್ಕೂ ಒಂದೇ ನಿಯಮ ಇಲ್ಲ. ಎರಡು ಬಣ್ಣದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಡಬ್ಬಿಗೆ ಕೂಡಿದ ಕಾಲು ಎರಡಕ್ಕೂ ಸೇರಿದ ನೆಗೆಟಿವ್. ಉಳಿದ ಎರಡರಲ್ಲಿ ಒಂದು ಕೆಂಪಿನ ಪಾಸಿಟಿವ್, ಇನ್ನೊಂದು ಅವಕೆಂಪಿನದು. ಒಂದೇ ಬಣ್ಣದ ಓದುವ ಡಯೋಡ್‌ಗಳಲ್ಲಿ ಮೂರನೆಯ ಕಾಲು ಬೆಳಕಿನ ಮಟ್ಟ ಅಳೆಯುವ ಒಳ ಫೋಟೋಡಯೋಡ್‌ನದಾಗಿರಬಹುದು, ಡಬ್ಬಿ ಪಾಸಿಟಿವ್ ಆಗಿರುವುದೂ ಉಂಟು.

ಪತ್ತೆಗೆ ಎರಡು ಪೆನ್ ಸೆಲ್‌ನ 3 ವೋಲ್ಟ್‌ಗೆ 470 ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ. ಕರೆಂಟ್ 2 ಮಿಲಿಆಂಪ್ ಸುತ್ತಮುತ್ತ ನಿಲ್ಲುತ್ತದೆ. ಲೇಸರ್ ಆಗುವುದಕ್ಕೆ ಅದು ಸಾಲದು, ಎಲ್‌ಇಡಿಯಂತೆ ಮಿಣುಕಲು ಸಾಕು, ತಪ್ಪು ಜೋಡಣೆಯಾದರೂ ದೊಡ್ಡ ಹಾನಿ ಆಗದು. ಡಬ್ಬಿಯೊಳಗೆ ಇಣುಕದೆ ಬಿಳಿ ಕಾಗದದ ಮೇಲೆ ನೋಡಿ. ಕಾಗದ ಕೆಂಪಗಾಗದಿದ್ದರೆ ಮೊಬೈಲ್ ಕ್ಯಾಮೆರಾದಿಂದ ಅದೇ ಕಾಗದ ನೋಡಿ, ಅವಕೆಂಪು ಹೆಚ್ಚಿನ ಕ್ಯಾಮೆರಾಗಳಲ್ಲಿ ಕಾಣುತ್ತದೆ. ನೇರಳೆ ಡಯೋಡ್‌ಗೆ 3 ವೋಲ್ಟ್ ಸಾಲದು, ಅದಕ್ಕೆ ನಾಲ್ಕೈದು ವೋಲ್ಟ್ ಬೇಕು.

ಪ್ರಶ್ನೆ: ಕೆಂಪು ಡಯೋಡ್ ಎರಡೂವರೆ ವೋಲ್ಟ್‌ಗೆ ಉರಿಯುವುದಾದರೆ ಎರಡು ಸೆಲ್ ನೇರ ಹಾಕಿದರೇನು? ಬೆಂಚ್ ಪವರ್ ಸಪ್ಲೈನ ಕರೆಂಟ್ ಮಿತಿ ಸಾಕಲ್ಲವೆ?

ಉತ್ತರ: ವೋಲ್ಟೇಜ್ ಹಿಡಿದು ಹೊರಟರೆ ಡಯೋಡ್ ಉಳಿಯುವುದಿಲ್ಲ. ವೋಲ್ಟೇಜ್ ಹತ್ತರಲ್ಲೊಂದು ಪಾಲು ಏರಿದರೆ ಕರೆಂಟ್ ಹತ್ತಾರು ಮಿಲಿಆಂಪ್ ಜಿಗಿಯುತ್ತದೆ. ಡಯೋಡ್ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ಮತ್ತೂ ಏರುತ್ತದೆ. ಬೆಂಚ್ ಸಪ್ಲೈನ ಮಿತಿ ನಿಜ, ಆದರೆ ಅದರ ಹೊರತುದಿಯಲ್ಲಿ ದೊಡ್ಡ ಕೆಪಾಸಿಟರ್ ಇರುತ್ತದೆ. ವೈರ್ ತಾಗಿಸಿದ ಕ್ಷಣ ಅದರಲ್ಲಿ ತುಂಬಿದ್ದೆಲ್ಲ ಮಿತಿಗೆ ಸಿಗದೆ ಡಯೋಡ್‌ಗೆ ಸುರಿಯುತ್ತದೆ.

ಎಲ್‌ಎಂ317 ಎಂಬ ಮೂರು ಕಾಲಿನ ವೋಲ್ಟೇಜ್ ರೆಗ್ಯುಲೇಟರ್ ಐಸಿಯಿಂದ ಸ್ಥಿರ ಕರೆಂಟ್ ಸರ್ಕ್ಯೂಟ್ ಮಾಡಿಕೊಳ್ಳಿ. ಅಕ್ಷರ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಮೊದಲನೆಯದು ಅಡ್ಜಸ್ಟ್, ನಡುವಿನದು ಔಟ್‌ಪುಟ್, ಕೊನೆಯದು ಇನ್‌ಪುಟ್. ಇನ್‌ಪುಟ್‌ಗೆ ಬ್ಯಾಟರಿಯ ಪಾಸಿಟಿವ್, ನಡುವೆ ಉಲ್ಟಾ ಜೋಡಣೆಗೆ ಕಾವಲಾಗಿ ಒಂದು 1ಎನ್4001 ಡಯೋಡ್. ಔಟ್‌ಪುಟ್‌ನಿಂದ ರೆಸಿಸ್ಟರ್, ರೆಸಿಸ್ಟರ್‌ನ ಆಚೆ ತುದಿಗೆ ಅಡ್ಜಸ್ಟ್ ಕಾಲು, ಅಲ್ಲಿಂದಲೇ ಲೇಸರ್‌ನ ಪಾಸಿಟಿವ್. ಲೇಸರ್‌ನ ನೆಗೆಟಿವ್ ಬ್ಯಾಟರಿಯ ನೆಗೆಟಿವ್‌ಗೆ. ಲೇಸರ್‌ಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್. ಕರೆಂಟ್ ಎಂದರೆ 1.25ನ್ನು ಓಮ್‌ನಿಂದ ಭಾಗಿಸಿದ್ದು: 39 ಓಮ್‌ಗೆ 32 ಮಿಲಿಆಂಪ್, 27ಕ್ಕೆ 46, 12ಕ್ಕೆ 104. ಅರ್ಧ ವ್ಯಾಟ್‌ನ ರೆಸಿಸ್ಟರ್ ಸಾಕು.

ತಿರುಗಿಸಿ ಹೊಂದಿಸುವ ಆಸೆಯಿದ್ದರೆ 100 ಓಮ್ ಪ್ರಿಸೆಟ್‌ಗೆ (ತಿರುಗಿಸಿ ಬದಲಿಸುವ ರೆಸಿಸ್ಟರ್) 10 ಓಮ್ ಸರಣಿಯಲ್ಲಿರಲಿ, ಪೂರ್ತಿ ತಿರುಗಿಸಿದರೂ 125 ಮಿಲಿಆಂಪ್ ಮೀರದು. ಪ್ರಿಸೆಟ್‌ನ ನಡುಗಾಲನ್ನು ಒಂದು ತುದಿಗೆ ಕೂಡಿಸಿಯೇ ಬಿಡಿ. ಹಾಗೆ ಮಾಡಿದರೆ ಒಳಗಿನ ಸ್ಪರ್ಶ ತಪ್ಪಿದಾಗ ಕರೆಂಟ್ ಇಳಿಯುತ್ತದೆ, ಜಿಗಿಯುವುದಿಲ್ಲ.

ಒಂದು ಎಚ್ಚರ: ಎಲ್‌ಎಂ317ರ ಲೋಹದ ಬೆನ್ನು ಅದರ ಔಟ್‌ಪುಟ್‌ಗೆ ಕೂಡಿದೆ. ಅದನ್ನೂ ಡಯೋಡ್‌ನ ಡಬ್ಬಿಯನ್ನೂ ಶಾಖ ಹೀರುವ ಒಂದೇ ಲೋಹದ ಹೀಟ್‌ಸಿಂಕ್‌ಗೆ ಕೂರಿಸಿದರೆ ಸರ್ಕ್ಯೂಟ್ ಶಾರ್ಟ್ ಆಗುತ್ತದೆ.

ಪ್ರಶ್ನೆ: ಇದೇ ಸರ್ಕ್ಯೂಟ್‌ಗೆ ಮೂರು ಪೆನ್ ಸೆಲ್ ಹಾಕಿದ್ದೇನೆ. ಲೇಸರ್ ಸರಿಯಾಗಿ ಉರಿಯುತ್ತಿಲ್ಲ.

ಉತ್ತರ: 4.5 ವೋಲ್ಟ್ ಸಾಲದು. ರೆಸಿಸ್ಟರ್ ಮೇಲೆ 1.25, ಐಸಿಗೆ 2ರ ಹತ್ತಿರ, ಕೆಂಪು ಡಯೋಡ್‌ಗೆ 2.5ರ ಹತ್ತಿರ, ಕಾವಲು ಡಯೋಡ್‌ಗೆ 0.7. ಕೂಡಿದರೆ ಆರೂವರೆ ಆಯಿತು. ಸರಣಿಯಲ್ಲಿ ಎರಡು ಲಿಥಿಯಂ ಸೆಲ್, ಒಟ್ಟು 7.4 ವೋಲ್ಟ್, ಚೆನ್ನಾಗಿ ಹೊಂದುತ್ತದೆ. ನೇರಳೆ ಡಯೋಡ್‌ಗೆ 12 ವೋಲ್ಟ್ ಇಟ್ಟುಕೊಳ್ಳಿ.

ಪ್ರಶ್ನೆ: ಮೊದಲ ದಿನ ಕಿರಣ ಜೋರಾಗಿತ್ತು. ವೈರ್ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಮಬ್ಬು ಕೆಂಪು ಬೆಳಕು ಮಾತ್ರ. ಕರೆಂಟ್ ಅಷ್ಟೇ ತೋರಿಸುತ್ತಿದೆ.

ಉತ್ತರ: ಡಯೋಡ್ ಎಲ್‌ಇಡಿ ಆಗಿಬಿಟ್ಟಿದೆ, ಸರಿಪಡಿಸಲು ಬಾರದು. ಲೇಸರ್ ಆಗಲು ಚಿಪ್‌ನ ಎರಡು ತುದಿಯ ಮುಖಗಳು ಕನ್ನಡಿಯಂತೆ ನುಣುಪಾಗಿರಬೇಕು. ಬೆಳಕು ಹೊರಬರುವ ಜಾಗ ಕೆಲವೇ ಮೈಕ್ರೋಮೀಟರ್ ಅಗಲ. ಅಷ್ಟು ಇಕ್ಕಟ್ಟಿನಲ್ಲಿ 100 ಮಿಲಿವ್ಯಾಟ್ ಹಾಯುತ್ತದೆ. ಕರೆಂಟ್ ಒಂದು ಕ್ಷಣ ಮೀರಿದರೂ ಆ ಮುಖ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಹೀರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಕನ್ನಡಿ ಕರಗಿರುತ್ತದೆ. ಚಿಪ್‌ನ ಉಳಿದ ಭಾಗ ಹಾಗೇ ಇರುವುದರಿಂದ ಕರೆಂಟ್ ಹರಿಯುತ್ತದೆ, ಬೆಳಕೂ ಬರುತ್ತದೆ, ಲೇಸರ್ ಮಾತ್ರ ಇಲ್ಲ.

ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಡಯೋಡ್ ಬಿಚ್ಚಿದಾಗ ಎಲ್‌ಎಂ317ಗೆ ಹೊರೆ ಇಲ್ಲ, ಔಟ್‌ಪುಟ್ ಬ್ಯಾಟರಿಯ ವೋಲ್ಟೇಜ್‌ನ ಹತ್ತಿರಕ್ಕೇ ಏರುತ್ತದೆ, ಕೆಪಾಸಿಟರ್ ಅಷ್ಟನ್ನೂ ತುಂಬಿಕೊಂಡು ಕೂರುತ್ತದೆ. ವೈರ್ ಮತ್ತೆ ತಾಗಿದೊಡನೆ ಆ ಚಾರ್ಜ್ ಒಮ್ಮೆಗೇ ಡಯೋಡ್ ಮೂಲಕ ಹರಿಯಿತು. ಆದ್ದರಿಂದ ಕ್ರಮ ಹೀಗಿರಲಿ: ಬ್ಯಾಟರಿ ತೆಗೆಯಿರಿ, ಕೆಪಾಸಿಟರ್‌ನ ಎರಡು ಕಾಲುಗಳನ್ನು ರೆಸಿಸ್ಟರ್‌ನಿಂದ ಕೆಲವು ಸೆಕೆಂಡ್ ಕೂಡಿಸಿ ಬರಿದು ಮಾಡಿ, ಡಯೋಡನ್ನು ಸೋಲ್ಡರ್ ಮಾಡಿ, ತಾಮ್ರದ ಸುತ್ತು ಬಿಚ್ಚಿ, ಕೊನೆಗೆ ಬ್ಯಾಟರಿ. ಲೇಸರ್‌ನ ಕಡೆ ಸ್ವಿಚ್ ಬೇಡ, ಕ್ರಾಕಡೈಲ್ ಕ್ಲಿಪ್ಪೂ ಬೇಡ. ಕರೆಂಟ್ ಅಳೆಯಲು ಮೀಟರನ್ನು ಸರಣಿಗೆ ಸೇರಿಸುವುದೂ ಅದೇ ತಪ್ಪು, ಪ್ರೋಬ್ ಜಾರಿದರೆ ಮತ್ತದೇ ಕಥೆ. ರೆಸಿಸ್ಟರ್‌ಗೆ ಅಡ್ಡಲಾಗಿ ವೋಲ್ಟೇಜ್ ನೋಡಿ ಓಮ್‌ನಿಂದ ಭಾಗಿಸಿ.

ಲೇಸರ್ ಜೋಡಿಸುವ ಮುನ್ನ ಸುಳ್ಳು ಹೊರೆಯಿಂದ ಪರೀಕ್ಷೆ ಮಾಡುವುದು ನಮ್ಮ ಬಲವಾದ ಸಲಹೆ. ಕೆಂಪು ಡಯೋಡ್ ಬದಲಿಗೆ ನಾಲ್ಕು 1ಎನ್4001 ಸರಣಿಯಲ್ಲಿ, ಜೊತೆಗೆ 1 ಓಮ್ ರೆಸಿಸ್ಟರ್. ಆ 1 ಓಮ್ ಮೇಲೆ ಮೀಟರ್ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಅಷ್ಟೇ ಮಿಲಿಆಂಪ್.

ಪ್ರಶ್ನೆ: ಎಷ್ಟು ಮಿಲಿಆಂಪ್ ಕೊಡಬಹುದು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಡಯೋಡನ್ನೇ ಕೇಳಿ. ಫೋಟೋಡಯೋಡ್ ಒಂದನ್ನು 100 ಓಮ್‌ಗೆ ಅಡ್ಡ ಜೋಡಿಸಿ, ಲೆನ್ಸ್ ಇಲ್ಲದ ಲೇಸರ್‌ನಿಂದ ಒಂದು ಗೇಣು ದೂರದಲ್ಲಿಟ್ಟು, ಮಿಲಿವೋಲ್ಟ್ ಬರೆದುಕೊಳ್ಳಿ. 20 ಮಿಲಿಆಂಪ್‌ನಿಂದ 5ರಂತೆ ಏರಿಸುತ್ತ ಗ್ರಾಫ್ ಹಾಕಿ. ಗೆರೆ ಮೊದಲು ನೆಲದ ಮೇಲೆಯೇ ಹರಿದು, ಒಂದು ಕಡೆ ಫಕ್ಕನೆ ತಲೆ ಎತ್ತುತ್ತದೆ. ಅದೇ ಲೇಸರ್ ಶುರುವಾಗುವ ಹೊಸ್ತಿಲು. ಓದುವ ಡಯೋಡ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 40, ಬರೆಯುವ ಕೆಂಪಿನಲ್ಲಿ 40ರಿಂದ 70 ಮಿಲಿಆಂಪ್. ಹೊಸ್ತಿಲು ದಾಟಿದ ಮೇಲೆ ಕೆಂಪು ರೈಟರ್ ಡಯೋಡ್ ಪ್ರತಿ ಮಿಲಿಆಂಪ್‌ಗೆ ಹೆಚ್ಚುಕಡಿಮೆ 1 ಮಿಲಿವ್ಯಾಟ್ ಕೊಡುತ್ತದೆ.

ಓದುವ ಡಯೋಡ್ ಆದರೆ ಹೊಸ್ತಿಲಿನ ಮೇಲೆ 5ರಿಂದ 10 ಮಿಲಿಆಂಪ್‌ಗೆ ನಿಲ್ಲಿಸಿ. ರೈಟರ್ ಡಯೋಡ್‌ಗೆ 100 ಮಿಲಿಆಂಪ್ ನೆಮ್ಮದಿಯ ಜಾಗ. ತಯಾರಕರು ಹೇಳುವ 200, 250 ಮಿಲಿವ್ಯಾಟ್ ಎಂಬ ಅಂಕಿಗಳು ಡಿಸ್ಕ್ ಬರೆಯುವಾಗಿನ ಅತಿ ಚಿಕ್ಕ ಮಿಡಿತಗಳಿಗೆ, ಸತತವಾಗಿ ಉರಿಸುವುದಕ್ಕಲ್ಲ. ಗೆರೆ ಬಾಗತೊಡಗಿತೆಂದರೆ ಬಿಸಿ ಹೆಚ್ಚಿದೆ, ಅಲ್ಲಿಂದ ಹಿಂದೆ ಬನ್ನಿ. ಲೋಹದ ಗೂಡು ಬೆರಳಿಗೆ ಸುಡುವಷ್ಟಾದರೆ ಒಳಗೆ ಇನ್ನೂ ಹೆಚ್ಚಿದೆ ಎಂದು ತಿಳಿಯಿರಿ.

ಪ್ರಶ್ನೆ: ಕಿರಣ ಗುಂಡಗಿಲ್ಲ, ಉದ್ದ ಮೊಟ್ಟೆಯಂತೆ ಬೀಳುತ್ತದೆ.

ಉತ್ತರ: ದೋಷವಲ್ಲ. ಬೆಳಕು ಹೊರಡುವ ಕಿಂಡಿಯೇ ಚಪ್ಪಟೆ, ಅದರ ಕಿರಿದಾದ ದಿಕ್ಕಿನಲ್ಲಿ ಬೆಳಕು ಹೆಚ್ಚು ಹರಡುತ್ತದೆ. ಕೆಂಪಿನಲ್ಲಿ ಒಂದು ದಿಕ್ಕಿಗೆ ಸುಮಾರು 10 ಡಿಗ್ರಿಯಾದರೆ ಅಡ್ಡದಿಕ್ಕಿಗೆ ಅದರ ಎರಡು ಪಟ್ಟು. 12 ಮಿಲಿಮೀಟರ್ ವ್ಯಾಸದ ಹಿತ್ತಾಳೆ ಮಾಡ್ಯೂಲ್‌ಗೆ 5.6ರ ಡಯೋಡ್ ಒತ್ತಿ ಕೂರಿಸಿ, ಅದರ ಸ್ಕ್ರೂವಿನಂಥ ತಿರುಪುಳ್ಳ ಲೆನ್ಸನ್ನು ತಿರುಗಿಸಿ ಹೊಂದಿಸುವುದು ಸುಲಭದ ದಾರಿ. ಪಿಕಪ್‌ನ ಲೆನ್ಸ್ ಕೂಡ ಆಗುತ್ತದೆ, ಆದರೆ ಅದರ ಸಂಗಮದೂರ ಕೆಲವೇ ಮಿಲಿಮೀಟರ್. ಕೂದಲೆಳೆಯಷ್ಟು ಸರಿದರೂ ಕಿರಣ ಕೆಡುತ್ತದೆ.

ಪ್ರಶ್ನೆ: ರಾತ್ರಿ ಆಕಾಶಕ್ಕೆ ಬಿಟ್ಟರೆ ಎಷ್ಟು ದೂರ ಹೋಗುತ್ತದೆ?

ಉತ್ತರ: ಬಿಡಬೇಡಿ. ವಿಮಾನದ ಗಾಜಿಗೆ ತಾಗಿದ ಚುಕ್ಕೆ ಅಗಲವಾಗಿ ಹರಡಿ, ಇಳಿಯುತ್ತಿರುವ ಪೈಲಟ್‌ನ ಕಣ್ಣು ಕೋರೈಸುತ್ತದೆ. ವಾಹನ, ಮನುಷ್ಯ, ಪ್ರಾಣಿ, ಯಾವುದರ ಕಡೆಗೂ ಬೇಡ.

ಪ್ರಶ್ನೆ: ಡಯೋಡ್ ತೆಗೆದ ಮೇಲೆ ಉಳಿದದ್ದನ್ನು ಎಸೆಯುವುದೆ?

ಉತ್ತರ: ಎಸೆಯುವ ಮುನ್ನ ನೋಡಿ. ಪಿಕಪ್‌ನೊಳಗೆ ಬೆಳಕನ್ನು ಎರಡಾಗಿ ಸೀಳುವ ಗಾಜಿನ ಘನ, ಧ್ರುವೀಕರಣ ಬದಲಿಸುವ ತೆಳು ಫಲಕ, ಲೆನ್ಸ್ ಪಕ್ಕದಲ್ಲಿ ಪುಟ್ಟ ಬಲಶಾಲಿ ಅಯಸ್ಕಾಂತಗಳಿವೆ. ಪಿಕಪ್ಪನ್ನು ಸರಿಸುವ ಸ್ಟೆಪ್ಪರ್ ಮೋಟರ್ ಮತ್ತು ತಿರುಪಿನ ದಂಡ ಸಣ್ಣ ಯಂತ್ರಗಳಿಗೆ ಬಹಳ ಉಪಯುಕ್ತ.

ಪ್ರಶ್ನೆ: ನನ್ನ ಡಯೋಡ್‌ನ ತರಂಗಾಂತರ ಎಷ್ಟೆಂದು ಮನೆಯಲ್ಲೇ ಅಳೆಯಬಹುದೆ?

ಉತ್ತರ: ಖಂಡಿತ, ಅದಕ್ಕೆ ಬೇಕಾದದ್ದು ಒಂದು ಸಿಡಿ. ಸಿಡಿಯ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಕಿರಣ ನೇರವಾಗಿ, ಲಂಬವಾಗಿ ಅದರ ಮೇಲೆ ಬಿದ್ದರೆ ಪಕ್ಕಕ್ಕೆ ಚದರಿದ ಮೊದಲ ಚುಕ್ಕೆಯ ಕೋನದ ಸೈನ್ ಬೆಲೆಯನ್ನು 1.6ರಿಂದ ಗುಣಿಸಿದರೆ ತರಂಗಾಂತರ ಸಿಗುತ್ತದೆ. 650 ನ್ಯಾನೋಮೀಟರ್ ಆದರೆ ಚುಕ್ಕೆ 24 ಡಿಗ್ರಿಯಲ್ಲಿ, 405 ಆದರೆ 15ಕ್ಕೆ ಸ್ವಲ್ಪ ಕಡಿಮೆ. ಸಿಡಿ ಕನ್ನಡಿಯಂತೆ ಹೊಳೆಯುವುದರಿಂದ ಇದಕ್ಕೆ ಓದುವ ಡಯೋಡನ್ನೇ, ಹೊಸ್ತಿಲು ಆಗಷ್ಟೇ ದಾಟಿಸಿ ಬಳಸಿ, ಕನ್ನಡಕ ಹಾಕಿಕೊಂಡಿರಿ. ಕನ್ನಡಕ ಹಾಕಿದಾಗ ಚುಕ್ಕೆ ಕಾಣದಿದ್ದರೆ ಅದನ್ನು ತೆಗೆಯಬೇಡಿ, ಪರದೆಯ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದು ಅಳತೆ ಮಾಡಿ. ಕೋನವನ್ನು ನೇರ ಅಳೆಯುವ ಬದಲು ಸಿಡಿಯಿಂದ ಪರದೆಗಿರುವ ದೂರ, ನಡುವಿನ ಚುಕ್ಕೆಯಿಂದ ಪಕ್ಕದ ಚುಕ್ಕೆಗಿರುವ ದೂರ ಎರಡನ್ನೂ ಸ್ಕೇಲಿನಿಂದ ಅಳೆದು ಲೆಕ್ಕ ಹಾಕಿದರೆ ನಿಖರತೆ ಹೆಚ್ಚು.

ಇದನ್ನೇ ಡಿವಿಡಿಯಲ್ಲಿ ಮಾಡಿದರೆ, ಸಾಲಿನ ಅಂತರ 0.74 ಮೈಕ್ರೋಮೀಟರ್ ಆದ್ದರಿಂದ ಕೆಂಪು ಚುಕ್ಕೆ 61 ಡಿಗ್ರಿಗೆ ಹಾರುತ್ತದೆ. ಬ್ಲೂ-ರೇ ಡಿಸ್ಕ್‌ನ ಅಂತರ 0.32, ಕೆಂಪು ಬೆಳಕಿನ ತರಂಗಾಂತರಕ್ಕಿಂತಲೂ ಚಿಕ್ಕದು. ಅದರ ಮೇಲೆ ಕೆಂಪು ಕಿರಣವನ್ನು ಲಂಬವಾಗಿ ಬಿಟ್ಟರೆ ಪಕ್ಕದ ಚುಕ್ಕೆ ಮೂಡುವುದೇ ಇಲ್ಲ.